ಮೈ ಉಜ್ಜುವ ಬಟ್ಟೆ ಕೈಯಲ್ಲೇ ಹೆಣೆಯೋಕೆ ಹತ್ತಿ ನೂಲು ಒಳ್ಳೆಯದಾ, ಲಿನನ್ನಾ?
ಮೊದಲ ಸಲ ಅಂದ್ರೆ ಹತ್ತಿನೇ ತಗೊಳ್ಳಿ. ನೀರು ಚೆನ್ನಾಗಿ ಹೀರುತ್ತೆ, ಮಕ್ಕಳ ಮೈಗೂ ಮೆತ್ತಗಿರುತ್ತೆ. ಬಾಗಲಕೋಟೆಯ ಅಂಗಡಿಯಲ್ಲಿ ಸುಮ್ನೆ ಉಲನ್ ಅಂತ ಕೇಳಿದ್ರೆ ಅಕ್ರಿಲಿಕ್ ಅನ್ನೋ ಕೃತಕ ನೂಲು ಕೊಟ್ಟುಬಿಡಬಹುದು, ಅದು ನೀರು ಹೀರೋದೇ ಕಡಿಮೆ, ಲೇಬಲ್ ನೋಡಿ.

ಮಧ್ಯಮ ದಪ್ಪದ ನೂಲು, 4 ಮಿ.ಮೀ. ಕಡ್ಡಿ, 40 ಕುಣಿಕೆ ಹಾಕಿ ಶುರು ಮಾಡಿ. ಎಲ್ಲ ಸಾಲನ್ನೂ ನಿಟ್, ಅಂದ್ರೆ ಸೀದಾ ಹೆಣಿಗೆ, ಹಾಕುತ್ತಾ ಹೋಗಿ, ಆಗ ಎರಡೂ ಕಡೆ ಉಬ್ಬು ಗೆರೆ ಬರುತ್ತೆ, ಉಜ್ಜೋಕೆ ಅದೇ ಬೇಕು, ಅಂಚೂ ಸುರುಳಿಯಾಗಲ್ಲ. ಹತ್ತಿ ನೂಲು ಉಣ್ಣೆಯಂಗೆ ಹಿಗ್ಗಲ್ಲ, ಬಿಗಿಯಾಗಿ ಎಳೆದ್ರೆ ಬೆರಳು ನೋಯುತ್ತೆ.

ಲಿನನ್ ಬರೋದು ಅಗಸೆ ಗಿಡದ ಕಾಂಡದ ನಾರಿಂದ. ಹೌದು, ರೊಟ್ಟಿ ಜೊತೆ ತಿನ್ನೋ ಅಗಸಿ ಚಟ್ನಿದೇ ಗಿಡ! ಮೊದಲು ಒರಟು, ಒಗೆದಷ್ಟೂ ಮೆತ್ತಗಾಗುತ್ತೆ. ಒದ್ದೆಯಾದಾಗ ಇನ್ನೂ ಗಟ್ಟಿ, ಬೇಗ ಒಣಗುತ್ತೆ. ಕೈ ಪಳಗಿದ ಮೇಲೆ ಹತ್ತಿ-ಲಿನನ್ ಬೆರೆತ ನೂಲು ನೋಡಿ, ನನಗಂತೂ ಅದೇ ಇಷ್ಟ.