ಬಿಎಸ್ಸಿ ಅರ್ಧಕ್ಕೆ ಬಿಟ್ಟವರು ಹಳೇ ಫೇಲ್‌ಗಳನ್ನು ಕೈಬಿಟ್ಟು ಹೊಸದಾಗಿ ಡಿಗ್ರಿ ಶುರು ಮಾಡಬಹುದೇ?

2018ರಲ್ಲಿ ಧಾರವಾಡದಲ್ಲಿ ಬಿಎಸ್ಸಿ ಸೇರಿ ನಾಲ್ಕನೇ ಸೆಮಿಸ್ಟರ್‌ಗೆ ಬಿಟ್ಟಿದ್ದೀರಿ, ಆರು ಪೇಪರ್ ಬಾಕಿ. ಅಮೆರಿಕದಂತೆ ಹಳೇ ಅಂಕ ಬದಿಗಿಡುವ ‘ಫ್ರೆಶ್ ಸ್ಟಾರ್ಟ್’ ನಮ್ಮಲ್ಲೂ ಇದೆಯಾ ಅಂತ ಕೇಳಿದ್ದೀರಿ.

ಆ ಹೆಸರಿನ ನಿಯಮ ಇಲ್ಲಿಲ್ರಿ. ಅದಿರುವ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲೂ ಅದು ಪುಕ್ಕಟೆ ಅಲ್ಲ. ಹತ್ತು ವರ್ಷ ಹಳೆಯದಾದ ಕೋರ್ಸುಗಳನ್ನು ಪ್ರವೇಶಕ್ಕೆ ಲೆಕ್ಕ ಹಿಡಿಯುವುದಿಲ್ಲ, ಆದರೆ ಅವುಗಳಲ್ಲಿ ಪಾಸಾದವೂ ಫೇಲಾದವುಗಳ ಜೊತೆಗೇ ಹೋಗುತ್ತವೆ. ಇಲ್ಲಿ ಹೊಸ ಅಡ್ಮಿಷನ್ ಮಾಡಿಸಿದರೂ ಅದೇ ಕಥೆ: ಪಿಯುಸಿ ಅಂಕದ ಮೇಲೆ ಮೊದಲನೇ ಸೆಮಿಸ್ಟರ್‌ನಿಂದ.

ಹಾಗಾಗಿ ಮೊದಲು ಹಳೇ ಮಾರ್ಕ್ಸ್‌ಕಾರ್ಡುಗಳನ್ನೆಲ್ಲ ಹರವಿ ಕೂಡ್ರಿ. ಉದಾಹರಣೆಗೆ ಪೇಪರ್ ಥಿಯರಿಗೆ 80, ಇಂಟರ್ನಲ್‌ಗೆ 20 ಅಂಕದ್ದು, ಪಾಸಾಗಲು ಒಟ್ಟು 40 ಬೇಕು ಅಂದುಕೊಳ್ಳಿ. ಆಗಿನ ಇಂಟರ್ನಲ್ ಅಂಕವನ್ನೇ ಉಳಿಸಿಕೊಳ್ಳುವ ಪದ್ಧತಿಯಿದ್ದು, ಅದು ಬರೀ 3 ಆಗಿದ್ದರೆ, ಥಿಯರಿಯಲ್ಲೇ 37 ತರಬೇಕು. ಇಂಥ ಪೇಪರ್ ಎಷ್ಟಿವೆ ಅನ್ನುವುದರ ಮೇಲೆ ಹಳೇದನ್ನು ಮುಗಿಸುವುದೋ ಬಿಡುವುದೋ ನಿಂತಿದೆ.

ಆಮೇಲೆ ಧಾರವಾಡದ ಪಾವಟೆನಗರದಲ್ಲಿರುವ ಕರ್ನಾಟಕ ವಿವಿಯ ಪರೀಕ್ಷಾ ವಿಭಾಗದಲ್ಲಿ ರಜಿಸ್ಟರ್ ನಂಬರ್ ಕೊಟ್ಟು ಎರಡೇ ಮಾತು ಕೇಳಿ: ಕೋರ್ಸಿನ ಗರಿಷ್ಠ ಅವಧಿ ಮುಗಿದಿದೆಯೇ, ನನ್ನ ಸ್ಕೀಮಿನ (ಆಗಿನ ಸಿಲೆಬಸ್ಸಿನ) ಪರೀಕ್ಷೆ ಇನ್ನೂ ನಡೆಯುತ್ತದೆಯೇ? ನಿಮ್ಮ ಸಿಲೆಬಸ್ ಆದಮೇಲೆ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಲ್ಲಿ ಅದೂ ಹೋಗಿ ಮತ್ತೆ ಮೂರು ವರ್ಷದ ಡಿಗ್ರಿ ಬಂತು. ಉತ್ತರವನ್ನು ಬರವಣಿಗೆಯಲ್ಲೇ ತಗೊಳ್ರಿ. ಕೌಂಟರಿನ ಬಾಯಿಮಾತು ನಂಬಿ ಪರೀಕ್ಷಾ ಫೀ ಕಟ್ಟಬೇಡಿ.

ಪಾಸಾದ ಕೋರ್ಸುಗಳ ಕ್ರೆಡಿಟ್ ಜಮಾ ಇಡುವ ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಮೇಲೆ ಆಸೆ ಬೇಡ. ಅದು ಬಂದದ್ದು 2021ರಲ್ಲಿ, ನಿಮ್ಮ 2018ರ ಸೆಮಿಸ್ಟರ್‌ಗಳು ಅದರೊಳಗೆ ಬರುವುದಿಲ್ಲ.

ನನ್ನ ಲೆಕ್ಕ ಕೇಳಿದರೆ: ಐದಾರು ಪೇಪರಷ್ಟೇ ಉಳಿದು ಅವಧಿಯೂ ಇದ್ದರೆ ಹಳೇದನ್ನೇ ಮುಗಿಸುವುದು ವಾಸಿ. ನಿಮಗೆ ಆ ಆರರ ಮೇಲೆ ಕೊನೆಯ ಸೆಮಿಸ್ಟರ್‌ಗಳೂ ಪೂರ್ತಿ ಬಾಕಿ, ಹೊಸ ಅಡ್ಮಿಷನ್ನೇ ಸರಿ. ನೌಕರಿ ಬಿಡುವಂತಿಲ್ಲವೆಂದರೆ ಬಿಎಸ್ಸಿ ಹಟ ಬಿಡಿ. ಲ್ಯಾಬಿಗೆ ಹಾಜರಾತಿ ಬೇಕೇ ಬೇಕು. ಮುಕ್ತ ವಿವಿಯ ಬಿಎ ಅಥವಾ ಬಿಕಾಂ ಹಿಡಿಯಿರಿ. ಇಗ್ನೋದಲ್ಲಿ ಬಿಎಗೆ ಕನಿಷ್ಠ 3, ಗರಿಷ್ಠ 6 ವರ್ಷ.

ಎಡವುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಮೂಲ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ ಮತ್ತು ಟಿಸಿ ಎಷ್ಟೋ ಸಲ ಹಳೇ ಕಾಲೇಜಿನಲ್ಲೇ ಉಳಿದಿರುತ್ತವೆ. ಲೈಬ್ರರಿ ಪುಸ್ತಕ, ಲ್ಯಾಬ್, ಹಾಸ್ಟೆಲ್ ಬಾಕಿ ತೀರಿಸಿ ನೋ ಡ್ಯೂ ಪಡೆದ ಮೇಲೆಯೇ ಸಾಮಾನ್ಯವಾಗಿ ಕೈಗೆ ಬರುತ್ತವೆ. ಈ ಕೆಲಸ ಏಪ್ರಿಲ್‌ನಲ್ಲೇ ಹಚ್ಚಿಕೊಳ್ಳಿ, ಜೂನ್‌ನಲ್ಲಿ ಆಫೀಸಿನವರಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಬೇರೆ ವಿವಿಯ ಕಾಲೇಜು ಸೇರುವುದಾದರೆ ಮೈಗ್ರೇಶನ್ ಸರ್ಟಿಫಿಕೇಟೂ ಕೇಳಬಹುದು. ಆಧಾರ್‌ನಲ್ಲೂ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇರಲಿ. ಇನಿಷಿಯಲ್ ಹಿಂದೆಮುಂದಾದರೂ ಆನ್‌ಲೈನ್ ಅರ್ಜಿ ಸಿಕ್ಕಿಕೊಳ್ಳುತ್ತದೆ.

ನಡುವಿನ ಖಾಲಿ ವರ್ಷಗಳಿಗೆ ನೋಟರಿಯ ಅಫಿಡವಿಟ್ ಮಾಡಿಸಿ. ಅದರಲ್ಲಿ ಹಳೇ ಅಡ್ಮಿಷನ್ ಮುಚ್ಚಿಡಬೇಡಿ, ಟಿಸಿಯಲ್ಲಿ ಅದು ಹೇಗೂ ಬರೆದಿರುತ್ತದೆ.