ಹತ್ತು ತೋಟಾದ ಬಂದೂಕು ಹೊಲ ಕಾಯುತ್ತದೆಯೇ?

ಪ್ರಶ್ನೆ: ಪಾವಗಡ ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಕಡಲೆಕಾಯಿ. ಕಾಯಿ ಕಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತದೆ. ತಾತನ ಕಾಲದ ಜೋಡಿ ನಳಿಗೆ ಬಂದೂಕು ಈಗ ನನ್ನ ಲೈಸೆನ್ಸಿಗೆ ಬಂದಿದೆ. ಹತ್ತು ತೋಟಾ ಹಿಡಿಯುವ, ಟ್ರಿಗರ್ ಒತ್ತಿದಷ್ಟು ಸಲ ಹಾರುವ ಸೆಮಿ ಆಟೋಮ್ಯಾಟಿಕ್ 12 ಬೋರ್ ಬಂದೂಕುಗಳನ್ನು ಮೊಬೈಲಿನಲ್ಲಿ ನೋಡಿದೆ. ಹಳೆಯದನ್ನು ಕೊಟ್ಟು ಅಂಥದ್ದು ತರಬಹುದಾ? ತಂದರೆ ಅನುಕೂಲವಾ?
(ಓದುಗರು, ತುಮಕೂರು ಜಿಲ್ಲೆ)

ಉತ್ತರ: ತರಲು ಬರುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೆಮಿ ಆಟೋಮ್ಯಾಟಿಕ್ ಬಂದೂಕು ನಿರ್ಬಂಧಿತ ವರ್ಗದ್ದು. ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸಿಗೆ ಅದು ಹತ್ತುವುದಿಲ್ಲ. 1959ರ ಕಾಯ್ದೆ ಬೆಳೆ ಕಾಯಲು ಮೊದಲು ಹೇಳುವುದೇ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬೇರೆ ಬಂದೂಕು. ನಿಮ್ಮ ಜೋಡಿ ನಳಿಗೆ ಆ ಲೆಕ್ಕದಲ್ಲಿ ಸರಿಯಾಗಿದೆ, ಕೈಬಿಡಬೇಡಿ.

ಕಾನೂನು ಬಿಟ್ಟಿದ್ದರೂ ನಿಮ್ಮ ಹೊಲಕ್ಕೆ ಅದು ಒದಗುವ ಬಂದೂಕಲ್ಲ. ಹಂದಿ ಹೊಲದಲ್ಲಿ ನಿಲ್ಲುವುದು ಮೊದಲ ಸದ್ದಿನವರೆಗೆ ಮಾತ್ರ. ಎರಡನೆಯದಕ್ಕೆ ಅದು ಓಡುತ್ತಿರುತ್ತದೆ, ಮೂರನೆಯದಕ್ಕೆ ಕಣ್ಣಿಗೆ ಬೀಳುವುದು ಕತ್ತಲೆಯೊಂದೇ. ಆಮೇಲಿನ ಏಳು ತೋಟಾ ಎಲ್ಲಿ ಹೋಗುತ್ತವೆ? ಎಸ್‌ಜಿ ಎಂಬ ದಪ್ಪ ಚರೆ ನೂರಾರು ಮೀಟರ್ ಹಾರುತ್ತದೆ. ಕಡಲೆಕಾಯಿ ಕಾಲದಲ್ಲಿ ಅಕ್ಕಪಕ್ಕದ ಹೊಲಗಳಲ್ಲೂ ಕಾವಲಿಗೆ ಜನ ಮಲಗಿರುತ್ತಾರೆ. ಹಕ್ಕಿ ಬೇಟೆಗೆ ಅವಕಾಶವಿರುವ ದೇಶಗಳಲ್ಲೇ ತೋಟಾಗಳಿಗೆ ಮಿತಿ ಇದೆ. ಅಮೆರಿಕದಲ್ಲಿ ವಲಸೆ ಬಾತುಕೋಳಿ ಹೊಡೆಯುವಾಗ ಬಂದೂಕಿನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯದಂತೆ ಬಿರಡೆ ಹಾಕಿರಬೇಕು.

ಇನ್ನು ಯಂತ್ರದ ವಿಚಾರ. 12 ಬೋರ್ ತೋಟಾಕ್ಕೆ ಬುಡದಲ್ಲಿ ಅಂಚು ಇರುತ್ತದೆ, ಮೈ ಪ್ಲಾಸ್ಟಿಕ್. ತೋಟಾಗಳು ಒಂದರ ಮೇಲೊಂದು ಕೂರುವ ಡಬ್ಬಿ ಮ್ಯಾಗಜೀನಿನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದೆ ಸಿಕ್ಕಿಕೊಂಡರೆ ಎರಡೂ ಕದಲುವುದಿಲ್ಲ. ತುಂಬಿಟ್ಟ ಮ್ಯಾಗಜೀನನ್ನು ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸ್ಪ್ರಿಂಗಿನ ಒತ್ತಡಕ್ಕೆ ತೋಟಾದ ಮೈ ಚಪ್ಪಟೆಯಾಗಿ ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ. ಬೆರಳಿನಲ್ಲಿ ಉರುಳಿಸಿದರೆ ತಿಳಿಯುತ್ತದೆ. ನಳಿಗೆಯ ಬುಡದಲ್ಲಿ ತೋಟಾ ಕೂರುವ ದುಂಡಗಿನ ಕೋಣೆಗೆ ಅದು ಅರ್ಧ ಹೋಗಿ ನಿಲ್ಲುತ್ತದೆ. ಮದ್ದು ಕಡಿಮೆಯಿರುವ ತೋಟಾ ಹಾಕಿದರೆ ಕೋಣೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಪೂರ್ತಿ ಹಿಂದೆ ಸರಿಯದೆ ಖಾಲಿ ತೋಟಾ ಹೊರಬೀಳುವ ಬಾಗಿಲಲ್ಲೇ ಕಚ್ಚಿಕೊಳ್ಳುತ್ತದೆ. ಹತ್ತು ತೋಟಾದ ತೂಕವೇ ಸುಮಾರು ಅರ್ಧ ಕೆಜಿ.

ನನಗೆ ಎಲ್ಲಕ್ಕಿಂತ ಚಿಂತೆಯಾಗುವುದು ಹಾರಿಸಿದ ನಂತರದ ಹೊತ್ತು. ಇಂಥ ಬಂದೂಕು ಒಂದು ಹಾರಿಸಿದ ಕೂಡಲೇ ತಾನಾಗಿ ಇನ್ನೊಂದು ತೋಟಾವನ್ನು ಕೋಣೆಗೆ ಏರಿಸಿಕೊಂಡಿರುತ್ತದೆ. ಮ್ಯಾಗಜೀನ್ ಕಿತ್ತರೂ ಆ ಒಂದು ಒಳಗೇ ಉಳಿಯುತ್ತದೆ. ಕತ್ತಲಲ್ಲಿ ಬದು ಹತ್ತಿ ಇಳಿಯುವಾಗ ಅದೇ ಜೀವಕ್ಕೆ ಎರವಾಗುವುದು. ಜೋಡಿ ನಳಿಗೆಯನ್ನು ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ತೋಳಿಗೆ ಹಾಕಿಕೊಂಡರೆ ಜೊತೆಗಿದ್ದವರಿಗೂ ಖಾಲಿ ಎಂದು ಕಾಣುತ್ತದೆ.

ನಿಮ್ಮ ಬಂದೂಕನ್ನು ಮೊದಲು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ತೋರಿಸಿ, ತೋಟಾ ಕೂರುವ ಕೋಣೆಯ ಉದ್ದ ಅಳೆಸಿ. ಹಳೆಯ ಬಂದೂಕುಗಳಲ್ಲಿ 65 ಮಿ.ಮೀ. ಕೋಣೆ ಇರುವುದುಂಟು. 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂತು ಮೋಸ ಮಾಡುತ್ತದೆ, ಏಕೆಂದರೆ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಷ್ಟೇ ಅದರ ಪೂರ್ತಿ ಉದ್ದ 70. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. 12 ಬೋರಿಗಿಂತ ಸಣ್ಣದಾದ 20 ಬೋರ್ ತೋಟಾವನ್ನು ಅದೇ ಚೀಲದಲ್ಲಿ ಎಂದೂ ಇಡಬೇಡಿ. ಅದು 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಖಾಲಿ ಎಂದುಕೊಂಡು ಹಿಂದೆ ಇನ್ನೊಂದು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ.

ಚರೆ ಹರಡುವ ಲೆಕ್ಕ ಸುಲಭ: ಬಾಯಿ ಬಿಗಿ ಮಾಡದ ಸಾದಾ ನಳಿಗೆಯಲ್ಲಿ ಗಜಕ್ಕೆ ಸುಮಾರು ಒಂದು ಅಂಗುಲ. 25 ಗಜಕ್ಕೆ ಎರಡು ಅಡಿ ಅಗಲ. ಎಸ್‌ಜಿಯ ಕೆಲವೇ ಚರೆಗಳು ಅಷ್ಟು ಜಾಗಕ್ಕೆ ಚದುರಿದರೆ ಹಂದಿ ಸಾಯದೆ ಗಾಯಗೊಂಡು ಪೊದೆ ಸೇರುತ್ತದೆ. ಜೋಡಿ ನಳಿಗೆಗಳಲ್ಲಿ ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಗೆ, ಎಡ ನಳಿಗೆಯ ಬಾಯಿ ಕೊಂಚ ಬಿಗಿ. ಅನುಮತಿಯಿರುವ ಶೂಟಿಂಗ್ ರೇಂಜಿನಲ್ಲಿ ಎರಡನ್ನೂ ಕಾಗದಕ್ಕೆ ಹಾರಿಸಿ, ತೂತು ಎಣಿಸಿ, ನಿಮ್ಮ ದೂರ ಗೊತ್ತುಮಾಡಿಕೊಳ್ಳಿ.

ಬಂದೂಕಿನ ಲೈಸೆನ್ಸ್ ಹಂದಿ ಹೊಡೆಯಲು ಪರವಾನಗಿಯಲ್ಲ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಂತೆ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ನಿಮ್ಮ ಕಡೆ ಕರಡಿ, ಚಿರತೆಯ ಓಡಾಟವೂ ಉಂಟು. ಅವೆರಡೂ ಆ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆಯಿರುವ ಮೊದಲ ಅನುಸೂಚಿಯ ಪ್ರಾಣಿಗಳು. ಟಾರ್ಚ್ ಬೆಳಕಿನಲ್ಲಿ ಹಂದಿಯೇ ಎಂದು ಖಾತ್ರಿಯಾಗದೆ ಬೆರಳು ಟ್ರಿಗರ್‌ಗೆ ಹೋಗಬಾರದು.

ಚುನಾವಣೆಗೆ ಠಾಣೆಯಲ್ಲಿಟ್ಟ ಬಂದೂಕನ್ನು ವಾಪಸ್ ತಂದ ದಿನ ಮುರಿದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದರೆ ಬೆಳಕು ಅರ್ಧಕ್ಕೇ ನಿಲ್ಲುತ್ತದೆ. ಹಿತ್ತಾಳೆ ಕುಂಚ ಕಟ್ಟಿದ ಕಡ್ಡಿಯಿಂದ ಪೂರ್ತಿ ತೆಗೆದು ಎಣ್ಣೆ ಬಟ್ಟೆ ಎಳೆಯುವವರೆಗೂ ತೋಟಾ ಹಾಕಬೇಡಿ.