ತಿಂಗಳಿಗೊಂದು ಹಾಡಿನ ಸಂಜೆ: ಬಯಲಲ್ಲಾ, ಹಾಲ್‌ನಲ್ಲಾ?

ಬಳ್ಳಾರಿಯಲ್ಲಿ ತಿಂಗಳಿಗೊಂದು ಲೈವ್ ಸಂಗೀತ ಇಡಬೇಕು, ಬಯಲಲ್ಲೋ ಹಾಲ್‌ನಲ್ಲೋ ಅಂತ ಕೇಳಿದ್ದೀರಿ. ಹಾಲ್‌ನಲ್ಲೇ ಮಾಡಿ. ನಮ್ಮ ಬಿಸಿಲಿಗೆ ಬೇಸಿಗೆಯಲ್ಲಿ ಜನ ಹೊರಗೆ ಬರೋದೇ ಕತ್ತಲಾದ ಮೇಲೆ, ಆದರೆ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ, ಮುಚ್ಚಿದ ಸಭಾಂಗಣಕ್ಕೆ ಸಡಿಲಿಕೆ ಇದೆ. ರಾಘವ ಕಲಾಮಂದಿರ ಇದೆ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ ಇದೆ. ಬಾಡಿಗೆ ವಿಚಾರಿಸಿ.

ಫ್ರೀ ಪಾಸ್ ಮಾತ್ರ ಹಂಚಬೇಡಿ! ಐವತ್ತು ರೂಪಾಯಿಯಾದರೂ ಟಿಕೆಟ್ ಇರಲಿ, ಆ ದುಡ್ಡು ಕಲಾವಿದರಿಗೇ ಹೋಗಲಿ. ಸುಮ್ನೆ ಶಾಲು, ಹಾರ ಹಾಕಿ ಕಳಿಸಿದರೆ ಅವರ ಬಸ್ ಚಾರ್ಜೂ ಹುಟ್ಟಲ್ಲ, ಅಲ್ವಾ? ಹಾಡಿ ಕಥೆ ಹೇಳೋ ಜನಪದ ಕಲೆ ಬುರ್ರಕಥೆಗೆ ಹೆಸರಾಗಿದ್ದ ದರೋಜಿ ಈರಮ್ಮ ನಮ್ಮ ಸಂಡೂರು ಕಡೆಯವರಾಗಿದ್ದರು. ಬೆಂಗಳೂರಿನ ಬ್ಯಾಂಡ್ ಕರೆಸೋ ಮುಂಚೆ ಆ ಕಡೆ ಹಳ್ಳಿಗಳಲ್ಲಿ ಈಗ ಯಾರು ಹಾಡ್ತಾರೆ ಅಂತ ಹೋಗಿ ಕೇಳಿ.